ಸಾರಥಿಯ ಪಾಲು

ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ರೂಪಗೆಟ್ಟು, ಬಾಹುಕನೆಂಬ ಹೆಸರಿನಿಂದ ಋತುಪರ್ಣ ರಾಜನ ಆಶ್ರಯದಲ್ಲಿದ್ದ ನಳನಿಗೆ ಒಂದೇ ಹಗಲಿನಲ್ಲಿ ಅಯೋಧ್ಯೆಯಿಂದ ವಿದರ್ಭಕ್ಕೆ ರಥ ನಡೆಸಬೇಕಾದ ಸಂದರ್ಭ ಒದಗುತ್ತದೆ. ಲಾಯಕ್ಕೆ ಹೋಗಿ ಅವನು ಆರಿಸಿ ತಂದದ್ದು ಮೈತುಂಬಿದ ಕುದುರೆಗಳನ್ನಲ್ಲ, ಕೃಶವಾದ ಕುದುರೆಗಳನ್ನು. ಇವು ಅಷ್ಟು ದೂರ ಎಳೆದಾವೆಯೆ ಎಂದು ರಾಜ ಸಂದೇಹಪಡುತ್ತಾನೆ. ರಥ ಹೊರಟ ಮೇಲೆ, ಜಾರಿಬಿದ್ದ ಉತ್ತರೀಯವನ್ನು ತರಿಸಬೇಕೆಂದು ಅವನು ಹೇಳುವಷ್ಟರಲ್ಲಿ ಆ ಸ್ಥಳ ಒಂದು ಯೋಜನ ಹಿಂದಾಗಿರುತ್ತದೆ. ಅಲ್ಲಿಗೆ ರಾಜನ ಸಂದೇಹ ಅಳಿಯಿತು. ಕೇಳುವವರ ಪ್ರಶ್ನೆ ಮಾತ್ರ ಉಳಿಯಿತು. ಆ ವೇಗ ಕುದುರೆಗಳದೋ, ಸಾರಥಿಯದೋ? ಎರಡೂ ಸೇರಿ ಆದದ್ದು ಎನ್ನುವುದಾದರೆ, ಯಾರ ಪಾಲು ಎಷ್ಟು?

ಕುದುರೆಯ ಕಾಲ ಕಳೆದು ಯಂತ್ರದ ಕಾಲ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ. ಕುದುರೆಗೆ ಸವಾರನ ಒಲವು ಬೇಕು, ಅಭ್ಯಾಸ ಬೇಕು. ಕಾರಿಗೆ ಅವಾವುವೂ ಬೇಡ. ಹಣ ಕೊಟ್ಟರೆ ನಾನೂರು ಕುದುರೆಗಳ ಶಕ್ತಿ ಮರುದಿನವೇ ಮನೆಯ ಬಾಗಿಲಿಗೆ ಬರುತ್ತದೆ. ಹೀಗೆ ಬಂದ ಶಕ್ತಿಯನ್ನು ತನ್ನದೇ ಎಂದು ಭಾವಿಸುವುದು ಮನುಷ್ಯಸ್ವಭಾವ. ಇನ್ನೊಬ್ಬನನ್ನು ಹಿಂದೆ ಹಾಕಿದಾಗ ಯಾರೂ “ನನ್ನ ಕಾರು ಅವನನ್ನು ಹಿಂದೆ ಹಾಕಿತು” ಎನ್ನುವುದಿಲ್ಲ. “ನಾನು ಹಾಕಿದೆ” ಎನ್ನುತ್ತಾರೆ. ಹಿಂದೆ ಬಿದ್ದಾಗ ಮಾತ್ರ “ನನ್ನ ಕಾರಿನಲ್ಲಿ ಶಕ್ತಿ ಸಾಲದು” ಎಂಬ ಮಾತು ತಾನಾಗಿ ನಾಲಗೆಗೆ ಬರುತ್ತದೆ. ಗೆಲುವಿಗೆ ನಾನು, ಸೋಲಿಗೆ ಯಂತ್ರ ಎಂಬ ಈ ವಿಭಾಗ ನಮಗೆಲ್ಲ ಬಹಳ ಅನುಕೂಲವಾದುದು.

ಈ ಅನುಕೂಲವನ್ನು ಲೆಕ್ಕಾಚಾರದಿಂದ ಇಲ್ಲವಾಗಿಸುವ ಒಂದು ಆಟವನ್ನು ಕೆಲವು ವರ್ಷಗಳ ಹಿಂದೆ ಕಾಣುವ ಅವಕಾಶ ನನಗೆ ಒದಗಿತು. ನನ್ನ ತಂಗಿಯ ಮಗ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ ಎಂಜಿನಿಯರಾಗಿದ್ದ. ಒಂದು ಬೇಸಗೆಯಲ್ಲಿ ಕೆಲವು ವಾರ ಅವನ ಮನೆಯಲ್ಲಿದ್ದೆ. ಭಾನುವಾರ ಬೆಳಗಾದರೆ ಅವನು ಕಾರನ್ನು ತೊಳೆದು, ಅದರೊಳಗಿನ ಸಾಮಾನುಗಳನ್ನೆಲ್ಲ ಇಳಿಸಿ, ಶಿರಸ್ತ್ರಾಣವನ್ನು ತೆಗೆದುಕೊಂಡು ಹೊರಡುತ್ತಿದ್ದ. “ಬನ್ನಿ ಮಾವ, ನಮ್ಮ ಆಟ ನೋಡಿ” ಎಂದು ಒಂದು ದಿನ ನನ್ನನ್ನೂ ಕರೆದೊಯ್ದ.

ಆ ಆಟದ ಹೆಸರು ಆಟೋಕ್ರಾಸ್. ಅದು ನಡೆಯುತ್ತಿದ್ದುದು ಊರಿನ ವಿಮಾನ ನಿಲ್ದಾಣದ ಬದಿಯಲ್ಲಿದ್ದ ವಿಶಾಲವಾದ ಕಾಂಕ್ರೀಟ್ ಅಂಗಳದಲ್ಲಿ. ಹಿಂದೆ ಅಲ್ಲಿ ವಾಯುಸೇನೆಯ ನೆಲೆಯಿತ್ತು. 1966ರಲ್ಲಿ ಅದನ್ನು ಮುಚ್ಚಿದರು. ಯುದ್ಧವಿಮಾನಗಳು ನಿಲ್ಲುತ್ತಿದ್ದ ನೆಲದಲ್ಲಿ ಈಗ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶಂಕುಗಳು ನಿಂತಿದ್ದವು. ಈ ಆಟವನ್ನು ನಡೆಸುವ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆ 1944ರಲ್ಲಿ ಹುಟ್ಟಿದ್ದು. ಆಟೋಕ್ರಾಸಿನ ರಾಷ್ಟ್ರೀಯ ಸ್ಪರ್ಧೆ 1973ರಲ್ಲಿ ಆರಂಭವಾಯಿತು. 2009ರಿಂದ ಹಲವು ವರ್ಷ ಆ ಸ್ಪರ್ಧೆ ಲಿಂಕನ್ನಿನ ಇದೇ ಅಂಗಳದಲ್ಲಿ ನಡೆದು, ದೇಶದ ಮೂಲೆಮೂಲೆಯಿಂದ ಸಾವಿರಕ್ಕೂ ಮೀರಿದ ಜನರನ್ನು ಬರಮಾಡಿಕೊಂಡಿದೆ. ನಾನು ನೋಡಿದ್ದು ಅಂಥ ದೊಡ್ಡ ಸ್ಪರ್ಧೆಯಲ್ಲ. ಊರಿನವರೇ ಸೇರಿ ನಡೆಸುವ ಭಾನುವಾರದ ಕೂಟ. ನಮ್ಮ ದೇಶದಲ್ಲಿಯೂ, ಬೆಂಗಳೂರು ಮೊದಲಾದ ಕಡೆಗಳಲ್ಲಿ, ಹೆಚ್ಚಾಗಿ ಮಣ್ಣಿನ ಅಂಗಳದಲ್ಲಿ ಆಟೋಕ್ರಾಸ್ ನಡೆಯುವುದುಂಟು.

ಆಟದ ನಿಯಮಗಳು ಸರಳ. ಶಂಕುಗಳನ್ನು ಸಾಲಾಗಿಟ್ಟು ಅಂಕುಡೊಂಕಾದ ದಾರಿಯೊಂದನ್ನು ರಚಿಸಿರುತ್ತಾರೆ. ಸ್ಪರ್ಧಿಗಳು ಮೊದಲು ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಮನದಟ್ಟು ಮಾಡಿಕೊಳ್ಳಬೇಕು. ಅನಂತರ ಒಬ್ಬೊಬ್ಬರಾಗಿ ಕಾರು ಓಡಿಸಬೇಕು. ಪಕ್ಕದಲ್ಲಿ ಎದುರಾಳಿಯಿಲ್ಲ; ಗಡಿಯಾರವೇ ಎದುರಾಳಿ. ಒಂದು ಸುತ್ತು ಮುಗಿಯಲು ಸುಮಾರು ಒಂದು ನಿಮಿಷ ಸಾಕು. ಕಾಲವನ್ನು ಮಾತ್ರ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಅಳೆಯುತ್ತಾರೆ. ಒಂದು ಶಂಕುವನ್ನು ಉರುಳಿಸಿದರೆ 2 ಸೆಕೆಂಡು ದಂಡ. ದಾರಿ ತಪ್ಪಿದರೆ ಆ ಸುತ್ತೇ ಲೆಕ್ಕಕ್ಕಿಲ್ಲ. ವೇಗ ಸಾಮಾನ್ಯವಾಗಿ ಹೆದ್ದಾರಿಯ ಮಿತಿಯನ್ನು ದಾಟುವುದಿಲ್ಲ. ತಮ್ಮ ಸರದಿ ಮುಗಿದವರು ಬಿಸಿಲಿನಲ್ಲಿ ನಿಂತು, ಇತರರು ಉರುಳಿಸಿದ ಶಂಕುಗಳನ್ನು ಎತ್ತಿ ನಿಲ್ಲಿಸುವ ಕೆಲಸ ಮಾಡಬೇಕು. ಅಲ್ಲಿ ವೈದ್ಯನೂ ಶಂಕು ಎತ್ತುತ್ತಿದ್ದ, ಕಾರು ದುರಸ್ತಿ ಮಾಡುವವನೂ ಎತ್ತುತ್ತಿದ್ದ.

ಆದರೆ ಬಂದ ಕಾರುಗಳು ಒಂದೇ ಬಗೆಯವಲ್ಲ. ಸಂತೆಗೆ ಹೋಗಿಬರುವ ಸಾಧಾರಣ ಕಾರೂ ಇತ್ತು, ಸ್ಪರ್ಧೆಗೆಂದೇ ಕಟ್ಟಿದ ಕಾರೂ ಇತ್ತು. ಇವನ್ನೆಲ್ಲ ಒಂದೇ ಅಳತೆಗೋಲಿನಿಂದ ಅಳೆಯುವುದು ಹೇಗೆ? ಮೊದಲ ಉಪಾಯ ವಿಂಗಡಣೆ. ನನ್ನ ಊರು ಕರಾವಳಿಯದು. ಅಲ್ಲಿಯ ಕಂಬಳದಲ್ಲಿಯೂ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳುಂಟು. ನೇಗಿಲು, ಹಗ್ಗಗಳಲ್ಲಿ ಹಿರಿಯ ಕಿರಿಯ ಎಂಬ ಭೇದವುಂಟು. ಕಿರಿಯ ಕೋಣಗಳನ್ನು ಹಿರಿಯ ಕೋಣಗಳೊಡನೆ ಓಡಿಸಿ ಗೆದ್ದವರಿಗೆ ಮರ್ಯಾದೆಯಿಲ್ಲ. ಹಾಗೆಯೇ ಇಲ್ಲಿಯೂ ಕಾರುಗಳನ್ನು ಅವುಗಳ ಸಾಮರ್ಥ್ಯಕ್ಕೆ ತಕ್ಕಂತೆ ಹತ್ತಾರು ವರ್ಗಗಳಾಗಿ ವಿಂಗಡಿಸಿರುತ್ತಾರೆ. ಆದರೆ ಒಂದು ವರ್ಗದ ಮೊದಲಿಗನನ್ನು ಇನ್ನೊಂದು ವರ್ಗದ ಮೊದಲಿಗನೊಡನೆ ಹೋಲಿಸಬೇಕಾದರೆ ವಿಂಗಡಣೆ ಸಾಲದು. ಅದಕ್ಕೆ ಎರಡನೆಯ ಉಪಾಯ, ಗುಣಕ.

ದೇಶದ ನಾನಾ ಕಡೆ ನಡೆದ ಸ್ಪರ್ಧೆಗಳ ಫಲಿತಾಂಶಗಳನ್ನು ಪರಿಶೀಲಿಸಿ ಪ್ರತಿಯೊಂದು ವರ್ಗಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿರುತ್ತಾರೆ. ಅತಿ ವೇಗದ ವರ್ಗಕ್ಕೆ 1. ಉಳಿದವಕ್ಕೆ ಒಂದಕ್ಕಿಂತ ಕಡಿಮೆ. ಓಡಿದ ಕಾಲವನ್ನು ಈ ಸಂಖ್ಯೆಯಿಂದ ಗುಣಿಸಿದಾಗ ಬರುವುದೇ ಸರಿದೂಗಿಸಿದ ಕಾಲ. ಲೆಕ್ಕ ಸುಲಭವಾಗಲೆಂದು ಒಂದು ಸಣ್ಣ ಕಾರಿನ ಗುಣಕ 0.80, ಒಂದು ಬಲಿಷ್ಠ ಕಾರಿನ ಗುಣಕ 0.84 ಎಂದು ಇಟ್ಟುಕೊಳ್ಳೋಣ. ಸಣ್ಣ ಕಾರು 52 ಸೆಕೆಂಡಿನಲ್ಲಿ ಮುಗಿಸಿದರೆ ಅದರ ಲೆಕ್ಕ 41.6, ದೊಡ್ಡ ಕಾರು 50 ಸೆಕೆಂಡಿನಲ್ಲಿ ಮುಗಿಸಿದರೆ ಅದರ ಲೆಕ್ಕ 42. ಎರಡು ಸೆಕೆಂಡು ತಡವಾಗಿ ಬಂದವನು ಇಲ್ಲಿ ಮುಂದಾಗುತ್ತಾನೆ. ಇದಕ್ಕೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಟೊಪ್ಪಿಗೆಯೊಳಗೆ ಕೈ ಎಂಬ ಅರ್ಥದ ಹಳೆಯ ಇಂಗ್ಲಿಷ್ ವಿನಿಮಯದ ಆಟವೊಂದರಿಂದ ಹುಟ್ಟಿದ ಮಾತು ಅದು. ಅಲ್ಲಿಂದ ಕುದುರೆಯ ಜೂಜಿಗೂ, ಬಳಿಕ ಇತರ ಆಟಗಳಿಗೂ ಬಂತು.

ನನ್ನ ಸೋದರಳಿಯನ ಕಾರು ಕಾರ್ವೆಟ್. ಅದರ ಎಂಜಿನ್ನಿನ ಬಲ 400 ಅಶ್ವಶಕ್ತಿ. ಅವನ ಕಾರಿನ ಪಕ್ಕದಲ್ಲಿ ನಿಂತಿದ್ದುದು ಒಂದು ಹಳೆಯ ಮಾಜ್ದಾ ಎಂಎಕ್ಸ್-5. 1989ರಲ್ಲಿ ಮಾರುಕಟ್ಟೆಗೆ ಬಂದ ಆ ಮೊದಲ ಮಾದರಿಯ ಬಲ ಸುಮಾರು 115 ಅಶ್ವಶಕ್ತಿ; ಅದರ ತೂಕ ಒಂದು ಟನ್ನಿಗೂ ಕಡಿಮೆ. ಅದರ ಒಡತಿ ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸು ಅರವತ್ತು ದಾಟಿತ್ತು. ಆ ದಿನ ಆಕೆ 54 ಸೆಕೆಂಡುಗಳಲ್ಲಿ ಸುತ್ತು ಮುಗಿಸಿದರು. ನನ್ನ ಸೋದರಳಿಯ ಮುಗಿಸಿದ್ದು 56ರಲ್ಲಿ. ಗುಣಿಸುವ ಮೊದಲೇ ಅವನು ಹಿಂದೆ ಬಿದ್ದಿದ್ದ. ಗುಣಿಸಿದ ಮೇಲೆ ಅವನ ಹೆಸರು ಪಟ್ಟಿಯ ಕೆಳಭಾಗದಲ್ಲೆಲ್ಲೋ ಇತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವನು ಗಂಭೀರವಾಗಿ ಹೇಳಿದ: “ಮಾವ, ಈ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಒಂದು ಸಾಧನವನ್ನು ಜೋಡಿಸಿದರೆ ಇನ್ನೂ ನೂರು ಕುದುರೆಯಷ್ಟು ಬಲ ಹೆಚ್ಚುತ್ತದೆ. ಬ್ಯಾಂಕಿನಲ್ಲಿ ಸಾಲ ಕೇಳಿದ್ದೇನೆ.”

“ಇರುವ ನಾನೂರು ಸಾಲದೇನೋ?” ಎಂದೆ.

“ನಿಮಗೆ ಇದು ತಿಳಿಯುವುದಿಲ್ಲ ಮಾವ” ಎಂದು ಅವನು ನಕ್ಕ. ನನಗೆ ತಿಳಿಯದೆಂಬುದು ನಿಜವೇ. ಆದರೆ ಆ ಸಾಲದ ಮೊತ್ತ ಊರಿನಲ್ಲಿದ್ದ ಅವನ ತಂದೆತಾಯಿಯರ ಹಳೆಯ ಮನೆಗೆ ಮಾಡು ಹೊದಿಸಲು ಸಾಕಾಗುವಷ್ಟಿತ್ತೆಂಬುದು ನನಗೆ ತಿಳಿದಿತ್ತು. ನಾನು ಅದನ್ನು ಆಡಲಿಲ್ಲ.

ಸ್ಪರ್ಧೆ ಮುಗಿದ ಮೇಲೆ, ಇಷ್ಟವಿದ್ದವರು ಸುಮ್ಮನೆ ಸಂತೋಷಕ್ಕಾಗಿ ಓಡಿಸಲು ಕೊಂಚ ಹೊತ್ತು ಅವಕಾಶವಿತ್ತು. ಆಗ ಶಿಕ್ಷಕಿ ಬಂದು, “ನಿಮ್ಮ ಕಾರನ್ನು ಒಂದು ಸಲ ನನಗೆ ಕೊಡುವಿರಾ? ಪ್ರತಿಯಾಗಿ ನನ್ನದನ್ನು ನೀವು ಓಡಿಸಿ” ಎಂದು ಕೇಳಿದರು. ಅವನು ಒಪ್ಪಿದ. ಆಕೆ ಆ ದೊಡ್ಡ ಕಾರಿನಲ್ಲಿ ಆಸನವನ್ನು ಮುಂದಕ್ಕೆ ಸರಿಸಿಕೊಂಡು ಹೊರಟರು. ದೂರದಿಂದ ನೋಡಿದ ನನಗೆ ಆಕೆ ನಿಧಾನವಾಗಿ ಓಡಿಸುತ್ತಿದ್ದಂತೆಯೇ ತೋರಿತು. ಟೈರುಗಳ ಚೀರಾಟವಿಲ್ಲ, ಎಂಜಿನ್ನಿನ ಆರ್ಭಟವಿಲ್ಲ. ಫಲಕದಲ್ಲಿ ಮೂಡಿದ ಕಾಲ 52 ಸೆಕೆಂಡು. ನನ್ನ ಸೋದರಳಿಯ ಅವರ ಸಣ್ಣ ಕಾರನ್ನು ಓಡಿಸಿ ಬಂದಾಗ ಮೂಡಿದ್ದು 57.

ಅವನು ಎಂಜಿನಿಯರು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾರ್ವೆಟ್ಟಿನಲ್ಲಿ ಅವನಿಗೂ ಆಕೆಗೂ ಇದ್ದ ಅಂತರ 4 ಸೆಕೆಂಡು. ಅದು ಕೈಗಳ ಅಂತರ. ಆಕೆಗೆ ಸಣ್ಣ ಕಾರಿಗೂ ದೊಡ್ಡ ಕಾರಿಗೂ ಇದ್ದ ಅಂತರ 2 ಸೆಕೆಂಡು; ಅದು ಯಂತ್ರಗಳ ಅಂತರ. ಎಲ್ಲಕ್ಕಿಂತ ಕಹಿಯಾದ ಸಂಖ್ಯೆ ಮೂರನೆಯದು. ಹೆಚ್ಚಿಗೆ ಬಂದ 285 ಕುದುರೆಗಳ ಬಲದಿಂದ ಆಕೆ ಎರಡು ಸೆಕೆಂಡು ಪಡೆದರೆ, ಅವನು ಪಡೆದದ್ದು ಒಂದೇ. ಬಲವೂ ಬಲ್ಲವರಿಗೇ ಹೆಚ್ಚು ಕೊಡುತ್ತದೆ. ಅರಿಯದವನ ಕೈಯಲ್ಲಿ ಅದರ ಬಹುಪಾಲು ಸದ್ದಾಗಿ, ಸವೆದ ಟೈರಾಗಿ ಹೋಗುತ್ತದೆ. ಇನ್ನೂ ನೂರು ಕುದುರೆ ಸೇರಿಸಿದ್ದರೆ ಅವನಿಗೆ ದೊರೆಯುತ್ತಿದ್ದುದೆಷ್ಟು?

ಇದರ ಕಾರಣ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ಕಾರು ತಿರುವಿನಲ್ಲಿ ಹೋಗುವಾಗ ಅದನ್ನು ದಾರಿಯಲ್ಲಿ ಹಿಡಿದಿಡುವುದು ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ. ಟೈರಿನ ಹಿಡಿತ ಕಾರಿನ ತೂಕಕ್ಕೆ ಸಮನಾಗಿದೆಯೆಂದು ಎಣಿಸಿದರೆ, 15 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 44 ಕಿಲೋಮೀಟರಿಗಿಂತ ವೇಗವಾಗಿ ಹೋಗಲಾಗದು. ಎಂಜಿನ್ನಿನ ಬಲ ಈ ಲೆಕ್ಕದೊಳಗೆ ಎಲ್ಲಿಯೂ ಬರುವುದೇ ಇಲ್ಲ. ನೂರು ಕುದುರೆಗೂ ಐನೂರು ಕುದುರೆಗೂ ಮಿತಿ ಒಂದೇ. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಬೇಕಾಗುವ ಹಿಡಿತ ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚುತ್ತದೆ. ಅಷ್ಟು ಹಿಡಿತ ಇಲ್ಲದಿದ್ದರೆ ಕಾರು ಜಾರುತ್ತದೆ. ಅಲ್ಲದೆ, ತಿರುಗುವುದಕ್ಕೂ ವೇಗ ಹೆಚ್ಚಿಸುವುದಕ್ಕೂ ತಡೆಯುವುದಕ್ಕೂ ಟೈರು ಆ ಒಂದೇ ಹಿಡಿತವನ್ನು ಹಂಚಿ ಕೊಡಬೇಕು. ಒಂದಕ್ಕೆ ಹೆಚ್ಚು ಕೇಳಿದರೆ ಇನ್ನೊಂದಕ್ಕೆ ಕಡಿಮೆ. ಇದ್ದ ಬಂಡವಾಳವನ್ನು ಯಾವ ಗಳಿಗೆಯಲ್ಲಿ ಯಾವುದಕ್ಕೆ ವಿನಿಯೋಗಿಸಬೇಕೆಂಬ ವಿವೇಕವೇ ಚಾಲಕನ ಕುಶಲತೆ. ಎಂಜಿನ್ನಿನ ಬಲಕ್ಕೆ ಬೆಲೆ ಬರುವುದು ತಿರುವು ಮುಗಿದು ದಾರಿ ನೇರವಾದ ಮೇಲೆ. ಆಟೋಕ್ರಾಸಿನ ದಾರಿಯಲ್ಲಿ ಅಂಥ ನೇರ ಭಾಗಗಳು ಬಹಳ ಕಡಿಮೆ.

ಸೋದರಳಿಯ ಬಹಳ ಹೊತ್ತು ಮಾತನಾಡದೆ ಶಂಕುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಕೊನೆಗೆ ಶಿಕ್ಷಕಿಯ ಬಳಿಗೆ ಹೋಗಿ, “ನಾನು ಮಾಡುತ್ತಿರುವುದರಲ್ಲಿ ಕೊರತೆ ಏನು?” ಎಂದು ಕೇಳಿದ. ಆಕೆ ಹೇಳಿದ್ದು ಎರಡೇ ಮಾತು: “ನೀವು ಎದುರಿಗಿರುವ ಶಂಕುವನ್ನು ನೋಡುತ್ತೀರಿ, ಅದರಾಚೆಯ ದಾರಿಯನ್ನು ನೋಡಿ. ತಿರುವನ್ನು ಹೊಗುವಾಗ ಸ್ವಲ್ಪ ತಾಳಿಕೊಳ್ಳಿ. ಆ ತಾಳ್ಮೆ ಹೊರಬರುವಾಗ ಬಡ್ಡಿಸಮೇತ ಹಿಂದಿರುಗುತ್ತದೆ.” ಮುಂದಿನ ಭಾನುವಾರ ಅವನು ಆಕೆಯ ಪಕ್ಕದ ಆಸನದಲ್ಲಿ ಕುಳಿತು ಹಲವು ಸುತ್ತು ಬಂದ. ಸಾಲದ ಅರ್ಜಿಯನ್ನು ಅವನು ಹಿಂದಕ್ಕೆ ಪಡೆದನೆಂಬುದು ನಾನು ಊರಿಗೆ ಮರಳಿದ ಮೇಲೆ ತಂಗಿಯಿಂದ ತಿಳಿಯಿತು.

ಬಲವನ್ನು ಸರಿದೂಗಿಸುವ ಈ ಕ್ರಮ ಹೊಸದಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ 1907ರಿಂದ 1939ರವರೆಗೆ ಕಾರುಗಳ ಪಂದ್ಯಗಳು ನಡೆಯುತ್ತಿದ್ದವು. 747 ಸಿಸಿಯ ಪುಟ್ಟ ಆಸ್ಟಿನ್ ಸೆವೆನ್ ಕಾರಿನಿಂದ ಹಿಡಿದು 24 ಲೀಟರು ಎಂಜಿನ್ನಿನ ನೇಪಿಯರ್-ರೈಲ್ಟನ್‌ವರೆಗೆ ಎಲ್ಲ ಗಾತ್ರದ ಕಾರುಗಳೂ ಆ ಪಥವನ್ನು ಕಂಡಿದ್ದವು. ಅಲ್ಲಿ ಎಬ್ಬಲ್‌ವೈಟ್ ಎಂಬಾತ ಕಾಲವನ್ನು ಅಳೆಯುವ ಮತ್ತು ಸರಿದೂಗಿಸುವ ಅಧಿಕಾರಿಯಾಗಿದ್ದ. ನಿಧಾನದ ಕಾರನ್ನು ಮೊದಲು ಬಿಟ್ಟು, ವೇಗದ ಕಾರನ್ನು ಕೊನೆಗೆ ಬಿಟ್ಟು, ಎಲ್ಲವೂ ಗುರಿಯನ್ನು ಒಟ್ಟಿಗೆ ಮುಟ್ಟುವಂತೆ ಲೆಕ್ಕ ಹಾಕುವುದು ಅವನ ಕೆಲಸ. ಎಲ್ಲರೂ ಸಮಸಮವಾಗಿ ಬಂದರೆ ಅದೇ ಅವನ ಗೆಲುವು.

ಆದರೆ ಈ ಕ್ರಮಕ್ಕೆ ಇನ್ನೊಂದು ಮುಖವೂ ಇದೆ. 1964ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಪ್ಯಾಡಿ ಹಾಪ್‌ಕಿರ್ಕ್ 1071 ಸಿಸಿಯ ಪುಟ್ಟ ಮಿನಿ ಕೂಪರ್ ಕಾರಿನಲ್ಲಿ ಗೆದ್ದು ಜಗತ್ಪ್ರಸಿದ್ಧನಾದ. ಅದೇ ಸ್ಪರ್ಧೆಯಲ್ಲಿ ಸ್ವೀಡನ್ನಿನ ಬೊ ಯುಂಗ್‌ಫೆಲ್ಟ್ ಎಂಬಾತ ದೊಡ್ಡ ಎಂಜಿನ್ನಿನ ಫೋರ್ಡ್ ಫಾಲ್ಕನ್ ಕಾರನ್ನು ಕಾಲಪರೀಕ್ಷೆಯ ದಾರಿಗಳಲ್ಲಿ ಅವನಿಗಿಂತ ವೇಗವಾಗಿ ಓಡಿಸಿದ್ದ. ಹ್ಯಾಂಡಿಕ್ಯಾಪಿನ ಲೆಕ್ಕ ಸೇರಿದಾಗ ಅವನ ಸ್ಥಾನ ಎರಡನೆಯದಾಯಿತು. ಮಂಜಿನಲ್ಲಿ ಅಂಥ ಭಾರದ ಕಾರನ್ನು ಅಷ್ಟು ವೇಗವಾಗಿ ನಡೆಸಿದವನ ಕೈಯೂ ಸಾಮಾನ್ಯದ್ದಲ್ಲ. ಅವನಿಗೆ ಅನ್ಯಾಯವಾಯಿತೆ? ನ್ಯಾಯ ಅನ್ಯಾಯಗಳ ತೀರ್ಮಾನ, ನಾವು ಯಾವ ಪ್ರಶ್ನೆಯನ್ನು ಕೇಳುತ್ತಿದ್ದೇವೆ ಎಂಬುದರ ಮೇಲಿದೆ. ಯಾವ ಕಾರು ಬೇಗ ಹೋಯಿತು ಎಂಬುದು ಒಂದು ಪ್ರಶ್ನೆ. ತನಗೆ ಒದಗಿದ ಕಾರಿನಿಂದ ಹೆಚ್ಚಿನದನ್ನು ಪಡೆದವರು ಯಾರು ಎಂಬುದು ಇನ್ನೊಂದು.

ಗುಣಕವೂ ಮನುಷ್ಯನು ಹಾಕಿದ ಅಂದಾಜೇ ಹೊರತು ವಿಧಿಲಿಖಿತವಲ್ಲ. ದಾರಿ ಇಕ್ಕಟ್ಟಾಗಿದ್ದರೆ ಸಣ್ಣ ಕಾರಿಗೆ ಲಾಭ. ವಿಶಾಲವಾಗಿದ್ದರೆ ದೊಡ್ಡದಕ್ಕೆ ಲಾಭ. ಬೆಳಗ್ಗೆ ಓಡಿದವರಿಗೆ ತಂಪಾದ ನೆಲ, ಮಧ್ಯಾಹ್ನ ಓಡಿದವರಿಗೆ ಕಾದ ನೆಲ. ನಡುವೆ ಒಂದು ಮಳೆ ಬಂದರೆ ಲೆಕ್ಕವೆಲ್ಲ ಬೇರೆ. ಇದನ್ನು ಬಲ್ಲವರು ಗುಣಕಗಳನ್ನು ಕಾಲಕಾಲಕ್ಕೆ ತಿದ್ದುತ್ತಿರುತ್ತಾರೆ. ಆದರೂ ಅಲ್ಲಿ ಕೆಲವರು, “ನಮ್ಮ ವರ್ಗದ ಗುಣಕ ಸರಿಯಿಲ್ಲ” ಎಂದು ಗೊಣಗುತ್ತಿದ್ದುದನ್ನು ಕೇಳಿದೆ. ಒಂದು ಸಬೂಬನ್ನು ಕಿತ್ತುಕೊಂಡರೆ ಮನಸ್ಸು ಮತ್ತೊಂದನ್ನು ಹುಡುಕಿಕೊಳ್ಳದೆ ಬಿಡುವುದಿಲ್ಲ.

ನಾವು ಬದುಕಿನಲ್ಲಿ ಹೊರಡುವ ಗೆರೆಯೂ ಎಲ್ಲರಿಗೂ ಒಂದೇ ಅಲ್ಲ. ಒಬ್ಬ ಬಾಲಕ ಪುಸ್ತಕಗಳು ತುಂಬಿದ ಮನೆಯಲ್ಲಿ ಬೆಳೆಯುತ್ತಾನೆ. ಇನ್ನೊಬ್ಬಳು ಹೊಳೆ ದಾಟಿ, ಗುಡ್ಡ ಹತ್ತಿ, ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಾಳೆ. ಇಬ್ಬರೂ ಒಂದೇ ಅಂಕವನ್ನು ಪಡೆದರೆ ಇಬ್ಬರೂ ನಡೆದ ದೂರ ಒಂದೇ ಎನ್ನಲಾದೀತೆ? ಸರಿದೂಗಿಸುವುದೆಂದರೆ ದುರ್ಬಲರಿಗೆ ಕೊಡುವ ಭಿಕ್ಷೆಯೆಂದು ತಿಳಿದವರುಂಟು. ಆ ಕಾಂಕ್ರೀಟ್ ಅಂಗಳದಲ್ಲಿ ನನಗೆ ಹಾಗೆ ತೋರಲಿಲ್ಲ. ಬಲವಂತನಿಂದ ಅದು ಕಿತ್ತುಕೊಳ್ಳುವುದು ಅವನು ದುಡಿದು ಗಳಿಸದ ಹೆಮ್ಮೆಯನ್ನು ಮಾತ್ರ. ದುರ್ಬಲನಿಂದಲೂ ಅದು ಒಂದನ್ನು ಕಿತ್ತುಕೊಳ್ಳುತ್ತದೆ: “ನನ್ನ ಬಳಿ ಬಲವಿಲ್ಲ, ಆದ್ದರಿಂದ ಸೋತೆ” ಎಂಬ ಸಮಾಧಾನವನ್ನು. ಗುಣಿಸಿದ ಮೇಲೂ ಹಿಂದುಳಿದರೆ ಆ ಕೊರತೆ ನಮ್ಮದೇ; ಮತ್ತು ನಮ್ಮದಾದ್ದರಿಂದಲೇ ಅದನ್ನು ತಿದ್ದಿಕೊಳ್ಳಲು ಸಾಧ್ಯ.

ಲಿಂಕನ್ನಿನ ಆ ಅಂಗಳದಲ್ಲಿ ಸಂಜೆಗೆ ಎರಡು ಪಟ್ಟಿಗಳನ್ನು ತೂಗುಹಾಕುತ್ತಿದ್ದರು. ಒಂದರಲ್ಲಿ ಗಡಿಯಾರ ತೋರಿದ ಕಾಲ. ಇನ್ನೊಂದರಲ್ಲಿ ಗುಣಿಸಿದ ಕಾಲ. ಯಾವುದನ್ನೂ ಅವರು ಮುಚ್ಚಿಡುತ್ತಿರಲಿಲ್ಲ. ಯಂತ್ರಕ್ಕೆ ಸಲ್ಲಬೇಕಾದ ಮೆಚ್ಚುಗೆ ಮೊದಲನೆಯದರಲ್ಲಿ ಸಲ್ಲುತ್ತಿತ್ತು. ಜನ ಹೆಚ್ಚು ಹೊತ್ತು ನಿಂತು, ಬೆರಳಿಟ್ಟು, ತಮ್ಮ ಹೆಸರನ್ನು ಹುಡುಕುತ್ತಿದ್ದುದು ಮಾತ್ರ ಎರಡನೆಯದರಲ್ಲಿ.